ಮೊಲ ತೋಳನಿಗೆ ಹೆದರಿ ಬಣ್ಣ ಬದಲಾಯಿಸಿತಾ? ಹೈಸ್ಕೂಲಿನಲ್ಲಿ ಜೀವಶಾಸ್ತ್ರಕ್ಕೆ ಸಿಮ್ಯುಲೇಷನ್ ಬಳಸುವವರು ದಯವಿಟ್ಟು ಬನ್ನಿ

ಪಾಂಡವಪುರ ಸೈನ್ಸ್ ಮಿಸ್

ಎಲ್ಲರಿಗೂ ನಮಸ್ಕಾರ. ಪಾಂಡವಪುರ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಟೀಚರ್. ಹತ್ತನೇ ತರಗತಿಯಲ್ಲಿ 38 ಮಕ್ಕಳಿದ್ದಾರೆ. ಹೋದ ವಾರ ಒಂದು ಪಾಠ ಮಾಡಿದೆ. ತುಂಬಾ ಚೆನ್ನಾಗಿ ಆಯಿತು ಅಂದುಕೊಂಡು ಮನೆಗೆ ಬಂದೆ. ರಾತ್ರಿ ನೋಟ್‌ಬುಕ್ ತಿದ್ದಲು ಕೂತಾಗ ಗೊತ್ತಾಯಿತು, ನಾನೇ ತಪ್ಪು ಕಲಿಸಿಬಿಟ್ಟಿದ್ದೀನಿ ಅಂತ.

ಫೆಟ್ ಸಿಮ್ಯುಲೇಷನ್‌ಗಳು ಗೊತ್ತಲ್ವಾ? ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯಲ್ಲೇ ಮಾಡಿ ನೋಡುವ ಮಾದರಿಗಳು, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವು. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ. ಅದರಲ್ಲಿ ನೈಸರ್ಗಿಕ ಆಯ್ಕೆಯದ್ದೂ ಒಂದಿದೆ. ಮೊದಲು ಒಂದೇ ಒಂದು ಬಿಳಿ ಮೊಲ ಕುಪ್ಪಳಿಸುತ್ತಿರುತ್ತದೆ. ಜೋಡಿ ಸೇರಿಸಿದರೆ ಮರಿಗಳಾಗುತ್ತಾ ಹೋಗುತ್ತವೆ. ಸುಮ್ನೆ ಬಿಟ್ಟರೆ ಪರದೆ ತುಂಬಾ ಮೊಲವೋ ಮೊಲ. ಕೊನೆಗೆ ಮೊಲಗಳೇ ಲೋಕವನ್ನು ಆಕ್ರಮಿಸಿಕೊಂಡವು ಅಂತ ಬರುತ್ತದೆ. ನಾವು ತೋಳ ಬಿಡಬಹುದು. ಮೇವು ಕಡಿಮೆ ಮಾಡಬಹುದು. ಹಿಮದ ಜಾಗ ಬೇಕಾ, ಬಿಸಿಲಿನ ಜಾಗ ಬೇಕಾ ಅಂತ ಆರಿಸಬಹುದು. ಕಂದು ಬಣ್ಣದ ಮ್ಯುಟೇಷನ್ (ಜೀನ್‌ನಲ್ಲಿ ಆಗುವ ಬದಲಾವಣೆ) ಬೇಕು ಅಂದರೆ ಒಂದು ಬಟನ್ ಒತ್ತಿದರೆ ಸಾಕು.

ನಾನು ಏನು ಮಾಡಿದೆ ಅಂದರೆ, ಬಿಸಿಲಿನ ಜಾಗ ಆರಿಸಿ ಮೊದಲು ತೋಳ ಬಿಟ್ಟೆ. ಬಿಳಿ ಮೊಲಗಳು ಒಂದೊಂದೇ ಮಾಯವಾಗುತ್ತಿದ್ದವು. ಮಕ್ಕಳು "ಮಿಸ್, ಕಾಪಾಡಿ ಮಿಸ್" ಅಂತ ಕೂಗುತ್ತಿದ್ದರು. ಆಗ ಕಂದು ಬಣ್ಣದ ಬಟನ್ ಒತ್ತಿದೆ. ಮುಂದಿನ ತಲೆಮಾರಿನಲ್ಲಿ ಕಂದು ಮರಿ ಬಂತು. ಕೆಲವೇ ನಿಮಿಷದಲ್ಲಿ ಅವೇ ಹೆಚ್ಚಾದವು. ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು.

38 ನೋಟ್‌ಬುಕ್‌ಗಳಲ್ಲಿ 23ರಲ್ಲಿ ಇದ್ದ ವಾಕ್ಯ: "ತೋಳ ಬಂದಿದ್ದರಿಂದ ಮೊಲ ಕಂದು ಬಣ್ಣಕ್ಕೆ ಹೊಂದಿಕೊಂಡಿತು." ಒಬ್ಬ ಹುಡುಗ ಇನ್ನೂ ಮುಂದೆ ಹೋಗಿ "ಹೆದರಿ ಬಣ್ಣ ಬದಲಾಯಿಸಿತು" ಅಂತ ಬರೆದಿದ್ದ. ಕಣ್ಣಿಗೆ ಕಂಡದ್ದನ್ನೇ ಬರೆದಿದ್ದಾರೆ, ಅವರ ತಪ್ಪಿಲ್ಲ. ಅಪಾಯ ಬಂದ ಕೂಡಲೇ ಬೇಕಾದ ಬಣ್ಣ ಬಂತು ಅಂತ ತೋರಿಸಿದವಳು ನಾನು.

2023ರ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಹತ್ತನೇ ತರಗತಿಯ "ಅನುವಂಶೀಯತೆ ಮತ್ತು ಜೀವವಿಕಾಸ" ಅಧ್ಯಾಯದಿಂದ ಜೀವವಿಕಾಸದ ಭಾಗ ಹೋಗಿ ಅನುವಂಶೀಯತೆ ಮಾತ್ರ ಉಳಿಯಿತು. ಆದರೂ ಮಕ್ಕಳು ಕೇಳುತ್ತಾರೆ, ನಾನು ಹೇಳಲೇಬೇಕು. ಇದನ್ನು ಮತ್ತೆ ತೋರಿಸಲೋ ಬೇಡವೋ? ತೋರಿಸುವುದಾದರೆ ಹೇಗೆ?

ಕುವೆಂಪುನಗರ ಟೀಚರ್

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಇದೇ ತಪ್ಪನ್ನು ನಾನು ಎರಡು ವರ್ಷ ಮಾಡಿದ್ದೇನೆ. ನೀವು ಒಂದೇ ದಿನದಲ್ಲಿ ಕಂಡುಕೊಂಡಿದ್ದೀರಿ.

ಕ್ರಮ ತಿರುಗಿಸಿ. ಮೊದಲು ಕಂದು ಬಣ್ಣ ಸೇರಿಸಿ. ತೋಳ ಬೇಡ. ನಾಲ್ಕೈದು ತಲೆಮಾರು ಹಾಗೇ ಓಡಲಿ. ಬಿಳಿಯೂ ಕಂದೂ ಒಟ್ಟಿಗೆ ಆರಾಮಾಗಿ ಇರುವುದನ್ನು ಮಕ್ಕಳು ನೋಡಲಿ. ಆಮೇಲೆ ನಿಲ್ಲಿಸಿ. ಈಗ ತೋಳ ಬಿಟ್ಟರೆ ಏನಾಗುತ್ತದೆ ಅಂತ ಪ್ರತಿಯೊಬ್ಬರೂ ಒಂದು ಸಾಲು ಬರೆಯಲಿ. ಬರೆದ ಮೇಲೆ ಪೆನ್ನು ಕೆಳಗಿಡಿಸಿ. ಆಮೇಲೇ ಒತ್ತಿ. ಬರೆಯದೆ ನೋಡಿದ ಮಗು ಏನು ಕಂಡರೂ "ನಂಗೆ ಮೊದಲೇ ಗೊತ್ತಿತ್ತು" ಅನ್ನುತ್ತದೆ. ಬರೆದ ಮಗುವಿಗೆ ತನ್ನ ಊಹೆ ಕಣ್ಣೆದುರೇ ಇರುತ್ತದೆ.

ಅದೇ ಮೊಲಗಳನ್ನು ಹಿಮದ ಜಾಗದಲ್ಲೂ ಓಡಿಸಿ. ಅಲ್ಲಿ ಕಂದು ಮರಿಗಳೇ ತೋಳನ ಬಾಯಿಗೆ ಬೀಳುತ್ತವೆ. ಬೇಕು ಅಂತ ಬಣ್ಣ ಬರುವುದಾಗಿದ್ದರೆ ಹಿಮದಲ್ಲಿ ಕಂದು ಯಾಕೆ ಬಂತು? ಈ ಪ್ರಶ್ನೆಯನ್ನು ನೀವು ಕೇಳಬೇಡಿ. ಸ್ವಲ್ಪ ಹೊತ್ತು ಸುಮ್ಮನಿರಿ. ಮಕ್ಕಳೇ ಕೇಳುತ್ತಾರೆ.

ಇನ್ನೊಂದು ಮಾತು. "ಹೊಂದಿಕೊಂಡಿತು" ಅನ್ನುವ ನಮ್ಮ ಪದದಲ್ಲೇ ಒಂದು ತೊಡಕಿದೆ. ಸೊಸೆ ಮನೆಗೆ ಹೊಂದಿಕೊಂಡಳು, ಮಗು ಹಾಸ್ಟೆಲಿಗೆ ಹೊಂದಿಕೊಂಡಿತು ಅಂತೀವಿ. ಅಲ್ಲೆಲ್ಲ ಹೊಂದಿಕೊಂಡವರು ಪ್ರಯತ್ನಪಟ್ಟು ಬದಲಾದರು ಅಂತಲೇ ಅರ್ಥ. ಆ ಪದ ಕೇಳಿದ ಮಗು ಮೊಲವೂ ಪ್ರಯತ್ನಪಟ್ಟಿತು ಅಂದುಕೊಳ್ಳುತ್ತದೆ. ನಾನು ಈಗ ಕ್ಲಾಸಿನಲ್ಲಿ ಆ ಪದವನ್ನು ಬಿಟ್ಟಿದ್ದೇನೆ. "ಯಾವುದು ಉಳಿಯಿತು, ಯಾವುದಕ್ಕೆ ಮರಿ ಜಾಸ್ತಿ ಆಯಿತು" ಅಂತಲೇ ಕೇಳುತ್ತೇನೆ.

ವಿ.ಸಿ. ಫಾರಂ ವಿದ್ಯಾರ್ಥಿ

ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಭತ್ತಕ್ಕೆ ಕಂದು ಜಿಗಿಹುಳು ಬೀಳುತ್ತದಲ್ಲ, ನಮ್ಮ ತಂದೆ ಹೇಳುವುದು "ಹುಳ ಔಷಧಿಗೆ ಒಗ್ಗಿಕೊಂಡುಬಿಟ್ಟಿದೆ" ಅಂತ. ನಾನೂ ಕಾಲೇಜಿಗೆ ಸೇರುವವರೆಗೆ ಹಾಗೇ ನಂಬಿದ್ದೆ. ನಾವು ಖಾರಕ್ಕೆ ಒಗ್ಗಿಕೊಳ್ಳುವ ಹಾಗೆ ಒಂದೊಂದು ಹುಳವೂ ವಿಷಕ್ಕೆ ಒಗ್ಗಿಕೊಳ್ಳುತ್ತದೆ ಅಂತ. ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕಕ್ಕೆ ಜಿಗಿಹುಳು ಬಗ್ಗದೇ ಇರುವುದನ್ನು ಏಷ್ಯಾದ ಹಲವು ದೇಶಗಳಲ್ಲಿ ಕಂಡಿದ್ದಾರೆ. ನಿಜವಾಗಿ ಆಗುವುದು ಬೇರೆ. ಸಾಯುವವು ಸತ್ತವು. ಮೊದಲೇ ತಡೆದುಕೊಳ್ಳುವ ಗುಣ ಇದ್ದ ನಾಲ್ಕು ಉಳಿದವು. ಈಗ ಗದ್ದೆ ತುಂಬಾ ಇರುವುದು ಆ ನಾಲ್ಕರ ಸಂತಾನ.

ಮಂಡ್ಯದ ಮಕ್ಕಳಿಗೆ ತೋಳ, ಹಿಮ ಎರಡೂ ದೂರದ ಮಾತು. ಮೊಲ ತೋರಿಸಿದ ಮೇಲೆ ಜಿಗಿಹುಳಿನ ಬಗ್ಗೆ ಕೇಳಿ ಮೇಡಂ. ಅಪ್ಪ ಯಾಕೆ ಪ್ರತಿ ಸಲ ಬೇರೆ ಔಷಧಿ ತರುತ್ತಾರೆ ಅಂತ ಅವರಿಗೇ ಗೊತ್ತಾಗುತ್ತದೆ.

ನಿವೃತ್ತ ಮೇಷ್ಟ್ರು, ಮಂಡ್ಯ

ನಾನು ಬೇರೆ ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. 31 ವರ್ಷ ವಿಜ್ಞಾನ ಕಲಿಸಿದವನು ನಾನು. ಜೀವಶಾಸ್ತ್ರ ಅಂದರೆ ಜೀವ ಇರುವುದನ್ನು ಮುಟ್ಟುವುದು. ಈಗ ಎಲೆಯಲ್ಲಿ ಪಿಷ್ಟ ಇದೆಯಾ ಅಂತ ಅಯೋಡಿನ್ ಹಾಕಿ ನೋಡುವ ಸ್ಟಾರ್ಚ್ ಪರೀಕ್ಷೆಯನ್ನೂ ಪರದೆಯಲ್ಲೇ ಮುಗಿಸುತ್ತಿದ್ದಾರೆ ಅಂತ ಕೇಳಿದೆ. ಓಲ್ಯಾಬ್ಸ್ ಅಂತ ಒಂದು ಆನ್‌ಲೈನ್ ಪ್ರಯೋಗಾಲಯ ಇದೆ. ಅಮೃತ ವಿಶ್ವವಿದ್ಯಾಲಯ ಮತ್ತು ಮುಂಬೈನ ಸಿ-ಡ್ಯಾಕ್ ಸೇರಿ ಮಾಡಿದ್ದು. ಮೊಮ್ಮಗಳು ತೋರಿಸಿದಳು. ಮೌಸ್‌ನಲ್ಲಿ ಎಲೆ ಎಳೆದು ಬೀಕರ್‌ಗೆ ಹಾಕಿದಳು. ಅಯೋಡಿನ್ ಬಿಟ್ಟಳು. ಚಂದವಾಗಿ ಕಡುನೀಲಿ ಬಂತು.

ನಿಜವಾದ ಎಲೆ ಹಾಗೆ ಬರುವುದಿಲ್ಲ ತಾಯಿ. ಕ್ರೋಟನ್ ಗಿಡವನ್ನು ಮೂರು ದಿನ ಕತ್ತಲಲ್ಲಿ ಇಡಬೇಕು. ಆಮೇಲೆ ಬಿಸಿಲಿಗೆ. ಎಲೆ ಕಿತ್ತು ಕುದಿಸಿ ಸ್ಪಿರಿಟ್ಟಿನಲ್ಲಿ ಹಾಕಬೇಕು. ಸ್ಪಿರಿಟ್ಟನ್ನು ನೇರ ಉರಿಯ ಮೇಲೆ ಇಡುವ ಹಾಗಿಲ್ಲ, ಬಿಸಿನೀರಿನಲ್ಲಿ ಇಟ್ಟು ಕಾಯಿಸಬೇಕು. ಹಸಿರು ನಿಧಾನವಾಗಿ ಸ್ಪಿರಿಟ್ಟಿಗೆ ಇಳಿಯುತ್ತದೆ. ಎಲೆ ಬಿಳುಚಿ ಹಪ್ಪಳದ ಹಾಗೆ ಗರಿಗರಿ ಆಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡದಿದ್ದರೆ ಬಿಡಿಸುವಾಗಲೇ ಮುರಿದುಹೋಗುತ್ತದೆ. ಅಯೋಡಿನ್ ಹಾಕಿದರೆ ಅಲ್ಲಲ್ಲಿ ಮಾತ್ರ ಬಣ್ಣ. ಒಂದು ಗುಂಪಿಗೆ ಬಣ್ಣವೇ ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಹುಡುಕುವ ಅರ್ಧ ಗಂಟೆ ಇದೆಯಲ್ಲ, ನನ್ನ ಪಾಲಿಗೆ ವಿಜ್ಞಾನದ ಪಾಠ ನಡೆಯುವುದು ಆಗಲೇ. ಎಂದೂ ತಪ್ಪದ ಎಲೆಯಿಂದ ಮಗು ಏನು ಕಲಿಯುತ್ತದೆ?

ಕುವೆಂಪುನಗರ ಟೀಚರ್

ಸರ್, ನಿಮ್ಮ ಮಾತು ನೂರಕ್ಕೆ ನೂರು ಒಪ್ಪಿದೆ. ಕೈಯಲ್ಲಿ ಮಾಡಲು ಆಗುವುದನ್ನು ಪರದೆಯಲ್ಲಿ ಮುಗಿಸಬಾರದು. ರಿಯೋ ಗಿಡದ ಎಲೆಯ ನೇರಳೆ ಬದಿಯ ಸಿಪ್ಪೆ ಸುಲಿದರೆ ಪತ್ರರಂಧ್ರ ಎಷ್ಟು ಚೆನ್ನಾಗಿ ಕಾಣುತ್ತದೆ! ನೇರಳೆ ಕೋಶಗಳ ನಡುವೆ ಹಸಿರು ತುಟಿಗಳ ಹಾಗೆ. ಮೈಸೂರಲ್ಲಿ ಎಷ್ಟೋ ಮನೆ ಕಾಂಪೌಂಡಿನಲ್ಲಿ ಆ ಗಿಡ ಇದೆ. ಅದಕ್ಕೆ ಸಿಮ್ಯುಲೇಷನ್ ಯಾಕೆ ಬೇಕು?

ಆದರೆ ಸರ್, ಹತ್ತು ತಲೆಮಾರಿನ ಮೊಲವನ್ನು ಒಂದು ಪೀರಿಯಡ್‌ನಲ್ಲಿ ಯಾರಿಗೆ ಸಾಕಲು ಆಗುತ್ತದೆ?

ದ್ವಿತೀಯ ಪಿಯು

ನಾನು ಟೀಚರ್ ಅಲ್ಲ, ಬರೆಯಬಹುದಾ? ಹತ್ತನೇ ಕ್ಲಾಸಲ್ಲಿ ನರಕೋಶದಲ್ಲಿ "ವಿದ್ಯುತ್ ಆವೇಗ" ಹೋಗುತ್ತದೆ ಅಂತ ಓದಿದ್ದೆ. ವೈರಿನಲ್ಲಿ ಕರೆಂಟ್ ಹೋದ ಹಾಗೆ ಅಂದುಕೊಂಡಿದ್ದೆ. ಪಿಯುಗೆ ಬಂದ ಮೇಲೆ ಫೆಟ್‌ನಲ್ಲೇ ನ್ಯೂರಾನ್ ಸಿಮ್ಯುಲೇಷನ್ ನೋಡಿದೆ. ಸೋಡಿಯಂ ಒಳಗೆ ನುಗ್ಗುತ್ತದೆ, ಪೊಟ್ಯಾಷಿಯಂ ಹೊರಗೆ ಹೋಗುತ್ತದೆ. ನಿಧಾನ ಮಾಡಿ ನೋಡಿದಾಗ ಅರ್ಥ ಆಯಿತು. ಅದು ಹತ್ತನೇ ಕ್ಲಾಸಲ್ಲೇ ಸಿಕ್ಕಿದ್ದರೆ ಎರಡು ವರ್ಷ ತಪ್ಪು ಚಿತ್ರ ಇಟ್ಟುಕೊಂಡು ಓಡಾಡುತ್ತಿರಲಿಲ್ಲ.

ಪಾಂಡವಪುರ ಸೈನ್ಸ್ ಮಿಸ್

ಎಲ್ಲರಿಗೂ ಥ್ಯಾಂಕ್ಸ್. ಕುವೆಂಪುನಗರ ಮೇಡಂ ಹೇಳಿದ ಹಾಗೆ ಮೊದಲು ಬಣ್ಣ, ಆಮೇಲೆ ತೋಳ ಮಾಡಿದೆ. ಬರೆಸಿಯೇ ಒತ್ತಿದೆ. ಈ ಸಲ "ಹೊಂದಿಕೊಂಡಿತು" ಅಂತ ಬರೆದವರು 6 ಮಂದಿ ಮಾತ್ರ.

ಆದರೆ ಇನ್ನೊಂದು ಗಂಟು ಬಿಚ್ಚಿಕೊಂಡಿತು. ಈ ಸಿಮ್ಯುಲೇಷನ್‌ನಲ್ಲಿ ಕಂದು ಬಣ್ಣ ಪ್ರಬಲ ಇರಬೇಕಾ, ದುರ್ಬಲ ಇರಬೇಕಾ ಅಂತ ನಾವೇ ಆರಿಸಬೇಕು. ನಾನು ದುರ್ಬಲ ಅಂತ ಆರಿಸಿದೆ. ತಕ್ಷಣ ಅರ್ಧ ಕ್ಲಾಸು "ಹಾಗಾದ್ರೆ ಕಂದು ಮೊಲ ಸತ್ತುಹೋಗುತ್ತೆ ಮಿಸ್" ಅಂದಿತು. ಯಾಕೆ ಅಂದರೆ "ದುರ್ಬಲ ಅಲ್ವಾ ಮಿಸ್, ಶಕ್ತಿ ಇರಲ್ಲ." ಮತ್ತೆ ಪದವೇ ಅಡ್ಡ ಬಂತು ನೋಡಿ! ಬಿಸಿಲಿನ ಜಾಗದಲ್ಲಿ ತೋಳನ ಎದುರು ಆ ದುರ್ಬಲ ಬಣ್ಣವೇ ಗೆದ್ದಿತು. ಎರಡೂ ಕಡೆಯಿಂದ ಅದೇ ಜೀನ್ ಬಂದರೆ ಮಾತ್ರ ಹೊರಗೆ ಕಾಣುವ ಗುಣ, ಅಷ್ಟೇ. ಶಕ್ತಿಗೂ ಅದಕ್ಕೂ ಸಂಬಂಧ ಇಲ್ಲ. ಹತ್ತು ಸಲ ಬಾಯಲ್ಲಿ ಹೇಳಿದ್ದರೂ ಇಳಿಯದ ಮಾತು ಆ ಐದು ನಿಮಿಷದಲ್ಲಿ ಇಳಿಯಿತು.

ಈಗ ಉಳಿದಿರುವುದು ಬಟಾಣಿ ಗಿಡದಲ್ಲಿ ಮೆಂಡೆಲ್ ಕಂಡ 3:1, ಅಂದರೆ ಮೂರು ಪ್ರಬಲಕ್ಕೆ ಒಂದು ದುರ್ಬಲ. ಒಬ್ಬ ಹುಡುಗಿ ಒಂದು ಜೋಡಿಯ ನಾಲ್ಕು ಮರಿ ಎಣಿಸಿದಳು. ನಾಲ್ಕೂ ಒಂದೇ ಬಣ್ಣ. "ಮೆಂಡೆಲ್ ಹೇಳಿದ್ದು ತಪ್ಪಾ ಮಿಸ್?" ಅಂತ ಕೇಳಿದಳು. ಅಪ್ಪ ಅಮ್ಮನ ಜೀನ್‌ಗಳನ್ನು ಜೋಡಿಸಿ ಬರೆಯುವ ಚೆಕರ್‌ಬೋರ್ಡಿನಲ್ಲಿ ನಾಲ್ಕು ಮನೆ, ಮೂರು ಹೀಗೆ, ಒಂದು ಹಾಗೆ. ಹಾಗಾಗಿ ನಾಲ್ಕು ಮರಿಯಲ್ಲಿ ಒಂದು ಬೇರೆ ಇರಲೇಬೇಕು ಅಂತ ಅವಳ ಲೆಕ್ಕ. ಏನು ಹೇಳಲಿ?

ಸಾಫ್ಟ್‌ವೇರ್ ಅಪ್ಪ, ವಿಜಯನಗರ ಮೈಸೂರು

ಮೇಡಂ, ಇದು ನನಗೆ ಪ್ರಿಯವಾದ ಲೆಕ್ಕ. ಅಪ್ಪ ಅಮ್ಮ ಇಬ್ಬರಲ್ಲೂ ಎರಡೂ ಬಣ್ಣದ ಜೀನ್ ಇದ್ದರೆ, ಒಂದು ಮರಿ ಪ್ರಬಲ ಬಣ್ಣದ್ದಾಗುವ ಸಾಧ್ಯತೆ ನಾಲ್ಕರಲ್ಲಿ ಮೂರು. ನಾಲ್ಕೂ ಮರಿ ಹಾಗೇ ಆಗಬೇಕಾದರೆ ಮುಕ್ಕಾಲನ್ನು ನಾಲ್ಕು ಸಲ ಗುಣಿಸಿ. 256ಕ್ಕೆ 81. ಅಂದರೆ ಹತ್ತಿರ ಹತ್ತಿರ ಮೂರು ಜೋಡಿಗೆ ಒಂದು ಜೋಡಿಯಲ್ಲಿ ನಾಲ್ಕೂ ಒಂದೇ ಬಣ್ಣ. ಸರಿಯಾಗಿ ಮೂರು-ಒಂದು ಬರುವುದು 256ಕ್ಕೆ 108 ಸಲ, ಅರ್ಧಕ್ಕಿಂತ ಕಡಿಮೆ. ಆ ಹುಡುಗಿ ಕಂಡದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ಅವಳಿಗೆ ಶಭಾಷ್ ಹೇಳಿ.

ಮೆಂಡೆಲ್‌ಗೂ ಸರಿಯಾಗಿ 3:1 ಬರಲಿಲ್ಲ. 1866ರಲ್ಲಿ ಪ್ರಕಟವಾದ ಬರಹದಲ್ಲಿ ಬಟಾಣಿ ಹೂವಿನ ಬಣ್ಣಕ್ಕೆ 705 ನೇರಳೆ, 224 ಬಿಳಿ ಅಂತ ಕೊಟ್ಟಿದ್ದಾರೆ. ಭಾಗಿಸಿದರೆ 3.15. ಅವರು ನಾಲ್ಕು ಗಿಡ ನೋಡಿ ನಿಲ್ಲಿಸಲಿಲ್ಲ, 929 ಗಿಡ ಎಣಿಸಿದರು. ನಮ್ಮ ಪುಸ್ತಕಗಳಲ್ಲಿ ಅನುಪಾತ ಮಾತ್ರ ಉಳಿದು ಎಣಿಕೆ ಹೊರಟುಹೋಗುತ್ತದೆ. ಸಿಮ್ಯುಲೇಷನ್ ಆ ಎಣಿಕೆಯನ್ನು ವಾಪಸ್ ಕೊಡುತ್ತದೆ.

ನೆಟ್‌ಲೋಗೊ ಅಂತಲೂ ಒಂದು ಸಿಮ್ಯುಲೇಷನ್ ತಂತ್ರಾಂಶ ಇದೆ, ನೋಡಿ. ಅದೂ ಉಚಿತ. ಅದರಲ್ಲಿ ತೋಳ ಮತ್ತು ಕುರಿಯ ಮಾದರಿ ಇದೆ. ಹುಲ್ಲಿನ ಲೆಕ್ಕ ಬಿಟ್ಟು ಓಡಿಸಿದರೆ ಸಂಖ್ಯೆಗಳು ಎದ್ದೂ ಬಿದ್ದೂ ಕೊನೆಗೆ ತೋಳ ಅಳಿಯುತ್ತದೆ, ಇಲ್ಲವೇ ಎರಡೂ ಅಳಿಯುತ್ತವೆ. ಹುಲ್ಲು ಬೆಳೆಯುವುದನ್ನೂ ಸೇರಿಸಿದರೆ ಎರಡೂ ಏರುತ್ತಾ ಇಳಿಯುತ್ತಾ ಬಹಳ ಕಾಲ ಬಾಳುತ್ತವೆ. ನನಗೆ ಇಷ್ಟ ಆಗುವುದು ಏನೆಂದರೆ, ಅದರ ಕೋಡ್ ತೆರೆದು ಓದಬಹುದು. ತೋಳ ಒಂದು ಹೆಜ್ಜೆ ಇಟ್ಟರೆ ಅದರ ಶಕ್ತಿ ಎಷ್ಟು ಇಳಿಯಬೇಕು, ಹುಲ್ಲು ಎಷ್ಟು ದಿನಕ್ಕೆ ಚಿಗುರಬೇಕು, ಎಲ್ಲಾ ಯಾರೋ ಬರೆದ ಸಾಲುಗಳು. ಅದನ್ನು ಮಕ್ಕಳು ಒಮ್ಮೆಯಾದರೂ ನೋಡಬೇಕು.

ನಿವೃತ್ತ ಮೇಷ್ಟ್ರು, ಮಂಡ್ಯ

ಈ ಎಣಿಕೆಯ ಮಾತು ನನಗೆ ಹಿಡಿಸಿತು. ಕರೆಂಟೂ ಬೇಡ, ಕಂಪ್ಯೂಟರೂ ಬೇಡ, ಒಂದು ಉಪಾಯ ಹೇಳುತ್ತೇನೆ ಕೇಳಿ ಮಿಸ್.

ಚೌಕಾಬಾರಕ್ಕೆ ಹುಣಸೆ ಬೀಜ ಉಜ್ಜುತ್ತಿದ್ದೆವಲ್ಲ, ಒಂದು ಬದಿ ಬಿಳಿ ಬರುವ ತನಕ ಕಲ್ಲಿನ ಮೇಲೆ? ಹಾಗೆ ಎರಡು ಬೀಜ ಸಾಕು. ಒಂದು ತಾಯಿಯಿಂದ ಬಂದ ಜೀನ್, ಒಂದು ತಂದೆಯಿಂದ ಬಂದದ್ದು. ಕಪ್ಪು ಬದಿ ಪ್ರಬಲ, ಬಿಳಿ ಬದಿ ಆ ನಿಮ್ಮ ದುರ್ಬಲ. ಒಟ್ಟಿಗೆ ಎಸೆಯಿರಿ. ಎರಡೂ ಬಿಳಿ ಬಿದ್ದರೆ ಮಾತ್ರ ಬಟಾಣಿ ಗಿಡ ಕುಳ್ಳ ಅಂತ ಲೆಕ್ಕ. ಇಬ್ಬಿಬ್ಬರು ಮಕ್ಕಳಿಗೆ ಒಂದು ಜೊತೆ ಬೀಜ. ಒಂದೊಂದು ಜೋಡಿಯೂ ನಲವತ್ತು ಸಲ ಎಸೆದು ಬರೆಯಲಿ. ಬೋರ್ಡಿನ ಮೇಲೆ ಎಲ್ಲವನ್ನೂ ಕೂಡಿಸಿ.

ಇದೂ ಒಂದು ಸಿಮ್ಯುಲೇಷನ್ನೇ ಅಲ್ವಾ? ಕೈಯಲ್ಲಿ ಹಿಡಿಯಬಹುದು, ಅಷ್ಟೇ ವ್ಯತ್ಯಾಸ. ನಾನು ಮೇಲೆ ಬರೆದದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ.

ಲ್ಯಾಪ್‌ಟಾಪ್ ಒಂದೇ, ಮಕ್ಕಳು 52

ನಮ್ಮಂಥವರಿಗಾಗಿ ಒಂದು ಮಾತು. ಫೆಟ್‌ನ ಹೊಸ ಸಿಮ್ಯುಲೇಷನ್‌ಗಳನ್ನು ಒಂದೊಂದೇ ಫೈಲ್ ಆಗಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಆಮೇಲೆ ನೆಟ್ ಬೇಡ, ಬ್ರೌಸರ್ ಇದ್ದರೆ ಸಾಕು. ಹಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಇವೆ. ನಾನು ಮನೆಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗುತ್ತೇನೆ. ಕರೆಂಟ್ ಯಾವಾಗ ಹೋಗುತ್ತದೋ ಅಂತ ಲ್ಯಾಪ್‌ಟಾಪನ್ನು ಹಿಂದಿನ ರಾತ್ರಿಯೇ ಚಾರ್ಜ್ ಮಾಡಿರುತ್ತೇನೆ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಕೆಡುತ್ತದೆ ಅಂತ ಬೀಗ ಹಾಕಿ ಇಟ್ಟಿದ್ದರು. ಮೂರು ವರ್ಷ ಅದರ ಕವರ್ ತೆಗೆಯಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಪರೀಕ್ಷೆಗೆ ಇದರಿಂದ ಏನು ಉಪಯೋಗ ಅಂತ ಕೇಳುವ ಪೋಷಕರಿಗೆ: ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಬರವಣಿಗೆಗೆ, 20 ಆಂತರಿಕಕ್ಕೆ. ಈ ಊಹೆ-ಎಣಿಕೆಯ ಪುಟಗಳನ್ನೇ ನಾನು ಮಕ್ಕಳ ಚಟುವಟಿಕೆಯಾಗಿ ಇಡಿಸುತ್ತೇನೆ.

ರೇಷ್ಮೆ ಮನೆ, ಮಳವಳ್ಳಿ

ನನ್ನ ಮಗಳು ಒಂಬತ್ತನೇ ಕ್ಲಾಸು. ನಾನು ಹುಳ ಸಾಕುವವನು. ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೇ. ಆದರೂ ನೀವು ಮಾತಾಡುತ್ತಿರುವುದು ನಮ್ಮ ಮನೆಯ ವಿಷಯ ಅನ್ನಿಸಿ ಬರೆಯುತ್ತಿದ್ದೇನೆ.

ನಾವು ತರುವುದು ಮೈಸೂರು ತಳಿ ಹೆಣ್ಣು, ಸಿಎಸ್‌ಆರ್-2 ಗಂಡು ಸೇರಿಸಿದ ಮಿಶ್ರತಳಿ. ಸಿಎಸ್‌ಆರ್-2 ನಮ್ಮ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲೇ ಅಭಿವೃದ್ಧಿ ಆಗಿದ್ದು. ಮೈಸೂರು ತಳಿಯ ಗೂಡು ಹಸಿರು ಮಿಶ್ರಿತ ಹಳದಿ. ಸಿಎಸ್‌ಆರ್-2 ಗೂಡು ಬಿಳಿ. ಮಿಶ್ರತಳಿಯ ಹುಳ ನಾಲ್ಕು ಜ್ವರ (ಪೊರೆ ಬಿಡುವುದು) ದಾಟಿ, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟ ಮೇಲೆ ನೋಡಿ. ಇಡೀ ಚಂದ್ರಿಕೆ ಹಳದಿ. ಒಂದೂ ಬಿಳಿ ಸಿಗಲ್ಲ. ಬಿಳಿ ಎಲ್ಲಿ ಹೋಯಿತು ಅಂತ ಮಗಳು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಇವತ್ತು ಮೇಲಿನದ್ದೆಲ್ಲ ಓದಿ ಗೊತ್ತಾಯಿತು, ಒಳಗೇ ಇದೆ, ಕಾಣುವುದಿಲ್ಲ ಅಂತ.

ಮಿಸ್, ನಿಮಗೆ ಬೇಕಾದರೆ ಮೂರೂ ಥರದ ಗೂಡು ತಂದುಕೊಡುತ್ತೇನೆ. ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ.

ವಿ.ಸಿ. ಫಾರಂ ವಿದ್ಯಾರ್ಥಿ

ಅಣ್ಣಾ, ಎಂಥ ಮಾತು ಬರೆದಿರಿ! 1906ರಲ್ಲಿ ಜಪಾನಿನ ತೊಯಾಮಾ ಎಂಬ ವಿಜ್ಞಾನಿ ರೇಷ್ಮೆ ಹುಳದಲ್ಲೂ ಮೆಂಡೆಲ್ ನಿಯಮ ನಡೆಯುತ್ತದೆ ಅಂತ ತೋರಿಸಿದ್ದರು. ಅದನ್ನೇ ನಿಮ್ಮ ಮಗಳು ಚಂದ್ರಿಕೆ ನೋಡಿ ಕೇಳಿದ್ದಾಳೆ.

ಆ ಮಿಶ್ರತಳಿ ಗೂಡಿನಿಂದ ಚಿಟ್ಟೆ ಬರಲು ಬಿಟ್ಟು, ಮೊಟ್ಟೆ ಇಡಿಸಿ, ಮತ್ತೆ ಸಾಕಿದರೆ ಬಿಳಿ ಗೂಡು ವಾಪಸ್ ಬರುವುದನ್ನು ಕ್ಲಾಸಿನಲ್ಲೇ ನೋಡಬಹುದಲ್ವಾ?

ರೇಷ್ಮೆ ಮನೆ, ಮಳವಳ್ಳಿ

ಬೇಡ ತಮ್ಮಾ, ಅದೊಂದು ಮಾಡಬೇಡಿ. ಮೊಟ್ಟೆ ಅಂದರೆ ಪರೀಕ್ಷೆ ಮಾಡಿದ್ದೇ ಆಗಬೇಕು. ಪೆಬ್ರಿನ್ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಬರುತ್ತದೆ. ಅದಕ್ಕೇ ಮೊಟ್ಟೆ ಕೇಂದ್ರದಲ್ಲಿ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಪರೀಕ್ಷೆ ಆಗದ ಮೊಟ್ಟೆ ಸ್ಕೂಲಿನಲ್ಲಿ ಒಡೆದು, ಅದರ ರೋಗ ಪಕ್ಕದ ಹುಳದ ಮನೆಗೆ ಬಂದರೆ ಒಂದು ಕುಟುಂಬದ ಬೆಳೆ ಹೋಗುತ್ತದೆ. ಗೂಡನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಒಳಗಿನ ಹುಳ ಸತ್ತ ಮೇಲೇ ನಿಮಗೆ ತಂದುಕೊಡುತ್ತೇನೆ.

ಎರಡನೇ ತಲೆಮಾರನ್ನು ಕಂಪ್ಯೂಟರಿನಲ್ಲೇ ತೋರಿಸಿ. ಅದಕ್ಕೆ ಅದು ಒಳ್ಳೆಯದು.

ಪಾಂಡವಪುರ ಸೈನ್ಸ್ ಮಿಸ್

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸಿ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಕೆಲಸ ಇತ್ತು.

ಮಳವಳ್ಳಿ ಅಣ್ಣ ಮಗಳ ಜೊತೆ ಬಂದು ಗೂಡು ಕೊಟ್ಟು ಹೋದರು. ಮೂರು ಮೊರದಲ್ಲಿ ಹರಡಿ ಇಟ್ಟೆ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಹುಳ ಸಾಕುತ್ತಾರೆ. ಆದರೂ ಬಿಳಿ ಗೂಡನ್ನೂ ಹಳದಿ ಗೂಡನ್ನೂ ಅಕ್ಕಪಕ್ಕ ಇಟ್ಟು ಯಾರೂ ನೋಡಿರಲಿಲ್ಲ. ಮಿಶ್ರತಳಿ ಗೂಡು ತೋರಿಸಿ "ಇದರ ಮಕ್ಕಳಿಗೆ ಬಿಳಿ ಬರುತ್ತಾ ಮಿಸ್?" ಅಂತ ಕೇಳಿದರು. ಸಾಕಿ ನೋಡಬಾರದು ಯಾಕೆ ಅಂತ ಪೆಬ್ರಿನ್ ಬಗ್ಗೆ ಹೇಳಿದೆ. ಹಾಗಾದರೆ ಹುಣಸೆ ಬೀಜದಲ್ಲಿ ನೋಡೋಣ ಅಂದೆ. ಗೂಡಿನ ಬಣ್ಣಕ್ಕೆ ಒಂದಕ್ಕಿಂತ ಹೆಚ್ಚು ಜೀನ್ ಕೆಲಸ ಮಾಡಬಹುದು, ನಾವು ಒಂದೇ ಅಂದುಕೊಂಡು ಲೆಕ್ಕ ಮಾಡುತ್ತಿದ್ದೇವೆ ಅಂತಲೂ ಮೊದಲೇ ಹೇಳಿದೆ.

19 ಜೋಡಿ, ಒಂದೊಂದು ಜೋಡಿ 40 ಸಲ. ಒಟ್ಟು 760. ಎರಡೂ ಬಿಳಿ ಬೀಳಬೇಕಾದದ್ದು 190 ಸಲ. ಬೋರ್ಡಿನ ಮೇಲೆ ಕೂಡಿಸಿದರೆ 163 ಬಂತು. ಎರಡು ಸಲ ಕೂಡಿಸಿದೆವು. 163ನೇ.

ನಾನು "ಪರವಾಗಿಲ್ಲ, ಹತ್ತಿರ ಬಂತು" ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೊದಲು ಮೆಂಡೆಲ್ ಬಗ್ಗೆ ಕೇಳಿದ್ದಳಲ್ಲ, ಅದೇ ಹುಡುಗಿ ಎದ್ದು ನಿಂತಳು. ತನ್ನ ಬೀಜವನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದಳು. ಉಜ್ಜಿದ ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. "ಮಿಸ್, ಇದು ಎರಡೂ ಕಡೆ ಒಂದೇ ಥರ ಬೀಳಲ್ಲ" ಅಂದಳು. ಸರಿ, ಪ್ರತಿ ಜೋಡಿಯೂ ಒಂದೇ ಬೀಜವನ್ನು ನೂರು ಸಲ ಎಸೆದರು. ಮಧ್ಯಾಹ್ನದ ಊಟದ ಬೆಲ್ ಹೊಡೆದರೂ ಏಳಲಿಲ್ಲ. 1,900 ಎಸೆತದಲ್ಲಿ 874 ಬಿಳಿ. ಅಂದರೆ ನೂರಕ್ಕೆ 46. ಅವಳೇ ಬೋರ್ಡಿಗೆ ಬಂದು 0.46 ಅನ್ನು 0.46ರಿಂದ ಗುಣಿಸಿ, ಅದನ್ನು 760ರಿಂದ ಗುಣಿಸಿದಳು. 160.8 ಬಂತು. ನಮಗೆ ಸಿಕ್ಕಿದ್ದು 163.

ಕ್ಲಾಸು ಒಂದು ಕ್ಷಣ ಮೌನವಾಗಿತ್ತು. ಹದಿನೈದು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಅಂಥ ಮೌನ ಕೇಳಿಲ್ಲ.

ಆಮೇಲೆ ಅವಳು ಕೇಳಿದ್ದು: "ಹಾಗಾದ್ರೆ ಕಂಪ್ಯೂಟರ್ ಒಳಗಿರೋ ಬೀಜ ಯಾರು ಉಜ್ಜಿದ್ದು ಮಿಸ್?"

ವಿಜಯನಗರದ ಸರ್, ಆ ನೆಟ್‌ಲೋಗೊ ಕೋಡ್ ತೆರೆದು ತೋರಿಸಲು ಒಂದು ಶನಿವಾರ ನಮ್ಮ ಶಾಲೆಗೆ ಬರಲು ಆಗುತ್ತದಾ? ಬೆಳಗ್ಗೆ ಎಂಟಕ್ಕೆ ಶುರು, ಹನ್ನೊಂದೂವರೆಗೆ ಬಿಡುತ್ತದೆ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡೇ ಬನ್ನಿ. ಮೇಷ್ಟ್ರೇ, ನೀವೂ ಬರಬೇಕು. ಕ್ರೋಟನ್ ಗಿಡವನ್ನು ಬುಧವಾರವೇ ಕತ್ತಲಲ್ಲಿ ಇಡುತ್ತೇನೆ.